ಹೋಗದ ಗಂಟೆಯ ಫೀಸು

‘ನಿನ್ನೆ ಸಂಜೆ 6ರ ಸೆಷನ್‌ಗೆ ನೀವು ಬರಲಿಲ್ಲ. 24 ಗಂಟೆ ಮೊದಲು ತಿಳಿಸದೇ ಇದ್ದುದರಿಂದ ಪೂರ್ತಿ ಫೀಸು ಕೊಡಬೇಕಾಗುತ್ತದೆ.’ ಬೆಂಗಳೂರಿನಲ್ಲಿ ಥೆರಪಿಗೆ ಹೋಗುವವರ ಪೈಕಿ ಇಂಥದೊಂದು ವಾಟ್ಸ್ಆ್ಯಪ್ ಸಂದೇಶ ಕಂಡವರು ಈಗ ಕಡಿಮೆಯಿಲ್ಲ. ಸಂದೇಶ ವಿನಯವಾಗಿಯೇ ಇರುತ್ತದೆ, ಕೆಳಗೊಂದು ಯುಪಿಐ ಐಡಿಯೂ ಇರುತ್ತದೆ. ಓದಿದವರಿಗೆ ಮಾತ್ರ ಮೈ ಉರಿಯುತ್ತದೆ. ಹೋಗಲಿಲ್ಲ, ಕೂರಲಿಲ್ಲ, ಮಾತಾಡಲಿಲ್ಲ, ದುಡ್ಡು ಯಾತಕ್ಕೆ? ಸಿಟ್ಟು ಇಳಿದ ಮೇಲೆ ನಾಚಿಕೆ ಶುರುವಾಗುತ್ತದೆ. ತನ್ನ ಕಷ್ಟವನ್ನೆಲ್ಲ ಕೇಳಿಸಿಕೊಂಡವರ ಹತ್ತಿರ ಸಾವಿರದೈನೂರು ರೂಪಾಯಿಗೆ ಜಗ್ಗಾಡುವುದು ಹೇಗೆ ಅಂತ. ಎಷ್ಟೋ ಜನ ಮರುಮಾತಿಲ್ಲದೆ ಹಣ ಕಳಿಸಿ, ಮತ್ತೆಂದೂ ಆ ಬಾಗಿಲಿಗೆ ಹೋಗುವುದಿಲ್ಲ. ಇನ್ನು ಕೆಲವರು ಹಣವನ್ನೂ ಕಳಿಸುವುದಿಲ್ಲ, ನಂಬರ್ ಬ್ಲಾಕ್ ಮಾಡಿಬಿಡುತ್ತಾರೆ. ಎರಡರಲ್ಲೂ ನಿಂತುಹೋಗುವುದು ಚಿಕಿತ್ಸೆ.

ಈ ಸಿಟ್ಟಿಗೆ ಕಾರಣವಿದೆ. ನಮಗೆ ಗೊತ್ತಿರುವ ಡಾಕ್ಟರಿಕೆಯಲ್ಲಿ ಇಂಥ ಪದ್ಧತಿ ಇಲ್ಲ. ಬಡಾವಣೆಯ ಕ್ಲಿನಿಕ್ಕಿಗೆ ಹೋದರೆ ಟೋಕನ್ ಕೊಡುತ್ತಾರೆ, ಬೆಂಚಿನ ಮೇಲೆ ಕೂರಿಸುತ್ತಾರೆ. ಹನ್ನೆರಡನೇ ನಂಬರಿನವರು ಬರದಿದ್ದರೆ ಹದಿಮೂರನೆಯವರು ಖುಷಿಯಿಂದ ಒಳಗೆ ಹೋಗುತ್ತಾರೆ. ಒಬ್ಬ ರೋಗಿ ತಪ್ಪಿಸಿಕೊಂಡರೆ ಡಾಕ್ಟರಿಗೆ ಒಂದು ಪೈಸೆ ನಷ್ಟವಿಲ್ಲ. ಥೆರಪಿಸ್ಟರ ಕೋಣೆಯ ಹೊರಗೆ ಅಂಥ ಬೆಂಚಿಲ್ಲ, ಇರಲೂಬಾರದು. ಒಬ್ಬರು ಹೊರಬರುವಾಗ ಇನ್ನೊಬ್ಬರು ಎದುರಾಗದ ಹಾಗೆ ನಡುವೆ ಹತ್ತು ನಿಮಿಷ ಬಿಡುವವರೇ ಹೆಚ್ಚು. ಸೆಷನ್ ನಲವತ್ತೈದೋ ಐವತ್ತೋ ನಿಮಿಷ. ವಾರದಲ್ಲಿ ಇಂಥ ದಿನ, ಇಂಥ ಹೊತ್ತು ಒಬ್ಬರ ಹೆಸರಿಗೆ ಅಂತ ಬರೆದಿಟ್ಟ ಮೇಲೆ ಬೇರೆಯವರು ಕೇಳಿದರೂ ಇಲ್ಲ ಎನ್ನಬೇಕು. ಬರಬೇಕಾದವರು ಸಂಜೆ ಐದೂ ಮುಕ್ಕಾಲಿಗೆ ‘ಆಗಲ್ಲ’ ಎಂದರೆ ಆ ಜಾಗಕ್ಕೆ ಇನ್ನೊಬ್ಬರನ್ನು ಎಲ್ಲಿಂದ ತರುವುದು?

ಲೆಕ್ಕ ಹಾಕಿ ನೋಡೋಣ. ಸ್ವಂತವಾಗಿ ಕೆಲಸ ಮಾಡುವ ಥೆರಪಿಸ್ಟ್ ಒಬ್ಬರು ದಿನಕ್ಕೆ ಐದು ಜನರನ್ನು ನೋಡುತ್ತಾರೆ ಅಂತಿಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ಜನರ ದುಃಖವನ್ನು ಒಂದೇ ದಿನ ಕಿವಿಗೆ ಹಾಕಿಕೊಂಡರೆ ಆರನೆಯವರು ಹೇಳಿದ್ದು ತಲೆಗೆ ಹೋಗುವುದಿಲ್ಲ. ಫೀಸು 1,500 ರೂಪಾಯಿ. ವಾರಕ್ಕೆ ಇಬ್ಬರು ಕೊನೆಗಳಿಗೆಯಲ್ಲಿ ತಪ್ಪಿಸಿಕೊಂಡರೆ ತಿಂಗಳಿಗೆ 12,000 ಹೋಯಿತು. ಜಯನಗರದಲ್ಲೋ ಇಂದಿರಾನಗರದಲ್ಲೋ ಕೋಣೆಯ ಬಾಡಿಗೆ ನಿಲ್ಲುವುದಿಲ್ಲ, ಹಿರಿಯರ ಬಳಿ ತಾವು ಪಡೆಯುವ ಮಾರ್ಗದರ್ಶನಕ್ಕೆ ಕೊಡುವ ದುಡ್ಡೂ ನಿಲ್ಲುವುದಿಲ್ಲ. ಅವರಿಗೆ ಪಿಎಫ್ ಇಲ್ಲ, ಸಂಬಳದ ರಜೆ ಇಲ್ಲ. ಫೀಸು ಕೇಳುವವರೆಲ್ಲ ದುರಾಸೆಯವರು ಎನ್ನುವ ಮಾತನ್ನು ಈ ಲೆಕ್ಕ ಕಂಡ ಮೇಲೆ ಆಡುವುದು ಕಷ್ಟ.

ಹಾಗಂತ ಕೇಳಿದ್ದೆಲ್ಲ ನ್ಯಾಯವೂ ಅಲ್ಲ. ಈ ಹಣ ಏನು ಅನ್ನುವುದರ ಮೇಲೆ ಅದು ನಿಂತಿದೆ. ಹಿಡಿದಿಟ್ಟ ಹೊತ್ತಿನ ಬಾಡಿಗೆಯೇ, ಆದ ನಷ್ಟಕ್ಕೆ ಪರಿಹಾರವೇ, ಇಲ್ಲಾ ಶಿಸ್ತು ಕಲಿಸಲು ಹಾಕಿದ ದಂಡವೇ? ಈ ಜಗಳಕ್ಕೆ ನೂರು ವರ್ಷ ದಾಟಿದೆ.

ಬಾಡಿಗೆ ಎಂದವರು ಸಿಗ್ಮಂಡ್ ಫ್ರಾಯ್ಡ್. ಚಿಕಿತ್ಸೆಯನ್ನು ಹೇಗೆ ಶುರು ಮಾಡಬೇಕು ಎಂದು 1913ರಲ್ಲಿ ವೈದ್ಯರಿಗಾಗಿ ಬರೆದ ಪ್ರಬಂಧದಲ್ಲಿ ಅವರು ತಮ್ಮ ಕಟ್ಟುಪಾಡನ್ನು ಬಿಚ್ಚಿ ಹೇಳಿದ್ದಾರೆ. ತಮ್ಮ ದಿನದ ಒಂದೊಂದು ಗಂಟೆಯನ್ನು ಒಬ್ಬೊಬ್ಬ ರೋಗಿಗೆ ಬಿಟ್ಟುಕೊಡುತ್ತಿದ್ದರು. ಆ ಗಂಟೆ ಅವರದು, ಬಂದರೂ ಬಾರದಿದ್ದರೂ ಅದಕ್ಕೆ ಅವರೇ ಹೊಣೆ. ಸಂಗೀತ ಅಥವಾ ಭಾಷೆ ಕಲಿಸುವ ಮೇಷ್ಟ್ರ ವಿಷಯದಲ್ಲಿ ಸಭ್ಯ ಮನೆತನಗಳು ಇದನ್ನು ಸಹಜವಾಗಿ ಒಪ್ಪುತ್ತವಲ್ಲ, ವೈದ್ಯರ ವಿಷಯದಲ್ಲಿ ಮಾತ್ರ ಯಾಕೆ ಮುಖ ಕೆಡಬೇಕು ಎನ್ನುವುದು ಅವರ ವಾದ. ನಮ್ಮಲ್ಲೂ ಮಗು ಎರಡು ದಿನ ವೀಣೆ ಪಾಠಕ್ಕೆ ಹೋಗಲಿಲ್ಲವೆಂದು ತಿಂಗಳ ಫೀಸಿನಲ್ಲಿ ಇನ್ನೂರು ರೂಪಾಯಿ ಮುರಿದುಕೊಳ್ಳುವ ತಾಯಿ ತಂದೆ ಇಲ್ಲ. ಫ್ರಾಯ್ಡ್ ಮುಂದುವರಿದು ಒಂದು ಚೇಷ್ಟೆಯ ಮಾತನ್ನೂ ಆಡುತ್ತಾರೆ: ಸಡಿಲ ಬಿಟ್ಟರೆ ಅಪರೂಪದ ಗೈರುಹಾಜರಿ ಎಷ್ಟು ಬೇಗ ಬೆಳೆಯುತ್ತದೆಂದರೆ ವೈದ್ಯನ ಹೊಟ್ಟೆಪಾಡೇ ಅಲ್ಲಾಡುತ್ತದೆ; ಬಿಗಿ ಹಿಡಿದರೆ ಆಕಸ್ಮಿಕ ಅಡಚಣೆಗಳು ಇದ್ದಕ್ಕಿದ್ದ ಹಾಗೆ ಮಾಯವಾಗುತ್ತವೆ, ನಡುವೆ ಬರುವ ಕಾಯಿಲೆಗಳೂ ಕಡಿಮೆಯಾಗುತ್ತವೆ! ಆದರೆ ನಿಜವಾದ ದೇಹದ ಕಾಯಿಲೆ ಬಂದರೆ ಅವರು ಬಾಡಿಗೆ ಕೇಳುತ್ತಿರಲಿಲ್ಲ. ಚಿಕಿತ್ಸೆಯನ್ನೇ ನಿಲ್ಲಿಸಿ, ಆ ಗಂಟೆಯನ್ನು ಬೇರೆಯವರಿಗೆ ಕೊಟ್ಟು, ರೋಗಿ ಗುಣವಾಗಿ ಬಂದಾಗ ತಮ್ಮಲ್ಲಿ ಹೊತ್ತು ಖಾಲಿ ಇದ್ದರೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಫ್ರಾಯ್ಡರ ಹೆಸರು ಹೇಳಿ ಫೀಸು ಕೇಳುವವರು ಈ ಭಾಗವನ್ನು ಹೇಳುವುದು ಕಡಿಮೆ.

ಇನ್ನೊಂದು ವಿಷಯ. ಫ್ರಾಯ್ಡರ ರೋಗಿಗಳು ಭಾನುವಾರ ಮತ್ತು ಹಬ್ಬದ ರಜೆ ಬಿಟ್ಟು ದಿನಾ ಬರುತ್ತಿದ್ದವರು. ವಿಯೆನ್ನಾದ ಅನುಕೂಲಸ್ಥರು. ವಾರಕ್ಕೊಮ್ಮೆ, ಕೆಲವೊಮ್ಮೆ ಹದಿನೈದು ದಿನಕ್ಕೊಮ್ಮೆ, ಸಂಬಳ ಬಂದ ವಾರ ನೋಡಿಕೊಂಡು ಹೋಗುವ ನಮ್ಮವರಿಗೆ ಆ ಅಳತೆ ಹಾಗೇ ಹೊಂದುವುದಿಲ್ಲ.

ಫ್ರಾಯ್ಡರ ಮನೋವಿಶ್ಲೇಷಣೆಯ ಪರಂಪರೆಯೊಳಗಿನಿಂದಲೇ ಎದುರು ಮಾತೂ ಬಂತು. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ಮೇರಿಲ್ಯಾಂಡಿನ ಚೆಸ್ಟ್‌ನಟ್ ಲಾಡ್ಜ್ ಆಸ್ಪತ್ರೆಯಲ್ಲಿ ತೀವ್ರ ಮನೋರೋಗಿಗಳ ಜೊತೆ ಕೆಲಸ ಮಾಡಿದ ಫ್ರೀಡಾ ಫ್ರಾಮ್-ರೈಕ್‌ಮನ್ 1950ರ ತಮ್ಮ ಪುಸ್ತಕದಲ್ಲಿ ಈ ಬಾಡಿಗೆಯ ವಾದವನ್ನು ಒಪ್ಪಲಿಲ್ಲ. ಮಾಡದ ಕೆಲಸಕ್ಕೆ ಹಣ ಕೊಡಬೇಕಿಲ್ಲ ಎನ್ನುವುದು ಸಮಾಜದಲ್ಲಿ ಎಲ್ಲರೂ ಪಾಲಿಸುವ ರೂಢಿ, ಮನೋವೈದ್ಯರಿಗೆ ಮಾತ್ರ ಅದರಿಂದ ವಿನಾಯಿತಿ ಯಾಕೆ ಎಂದು ಅವರು ಕೇಳಿದರು. ಇಬ್ಬರ ಮಾತನ್ನೂ ಓದಿದಾಗ ನನ್ನ ಮನಸ್ಸು ಫ್ರೀಡಾ ಕಡೆ ವಾಲುತ್ತದೆ, ಬುದ್ಧಿ ಫ್ರಾಯ್ಡ್ ಕಡೆ. ಆಸ್ಪತ್ರೆಯ ಸಂಬಳದಲ್ಲಿ ಇರುವವರಿಗೂ ಗಂಟೆ ನಂಬಿ ಬದುಕುವವರಿಗೂ ಈ ಪ್ರಶ್ನೆ ಒಂದೇ ಥರ ಕಾಣುವುದಿಲ್ಲ ಅನ್ನುವುದೂ ನಿಜ.

ಇನ್ನು ದಂಡದ ಮಾತು. ದಂಡ ಹಾಕಿದರೆ ಜನ ಸರಿಯಾಗಿ ಬರುತ್ತಾರೆ ಎನ್ನುವುದು ಸುಲಭವಾಗಿ ಹೊಳೆಯುವ ವಿಚಾರ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಉರಿ ಗ್ನೀಝಿ ಮತ್ತು ಆಲ್ಡೊ ರುಸ್ಟಿಚಿನಿ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದರು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಾಯಿ ತಂದೆ ತಡ ಮಾಡುತ್ತಿದ್ದರು. ಹತ್ತು ಶಿಶುವಿಹಾರಗಳ ಪೈಕಿ ಆರರಲ್ಲಿ, ಹತ್ತು ನಿಮಿಷಕ್ಕಿಂತ ಹೆಚ್ಚು ತಡವಾದರೆ 10 ಶೆಕೆಲ್ ದಂಡ ಎಂದು ಬೋರ್ಡು ಹಾಕಿಸಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ. ಕೆಲವೇ ವಾರಗಳಲ್ಲಿ ಅವರ ಸಂಖ್ಯೆ ಸುಮಾರು ಇಮ್ಮಡಿಯಾಯಿತು. ಆಮೇಲೆ ದಂಡ ತೆಗೆದುಹಾಕಿದರೂ ಅದು ಇಳಿಯಲಿಲ್ಲ. 2000ದಲ್ಲಿ ಪ್ರಕಟವಾದ ಈ ಅಧ್ಯಯನ ಈಗ ಅರ್ಥಶಾಸ್ತ್ರದ ತರಗತಿಗಳಲ್ಲಿ ಕಥೆಯ ಹಾಗೆ ಓಡಾಡುತ್ತದೆ. ಮೊದಲು ‘ಪಾಪ, ಆ ಟೀಚರ್ ಕಾಯ್ತಿರ್ತಾರೆ’ ಎಂಬ ಅಳುಕು ಇತ್ತು. ದಂಡ ಬಂದ ಮೇಲೆ ಅಳುಕು ಹೋಗಿ ‘ದುಡ್ಡು ಕೊಡ್ತೀವಲ್ಲ’ ಎಂಬ ಧೈರ್ಯ ಬಂತು.

ಥೆರಪಿಯಲ್ಲೂ ಇದು ನಡೆಯುತ್ತದೆ. ಕೈತುಂಬ ಸಂಬಳ ಇರುವವರಿಗೆ ಎರಡು ಸಾವಿರ ರೂಪಾಯಿ ತಪ್ಪಿಸಿಕೊಳ್ಳುವ ಅನುಮತಿಪತ್ರ ಆಗಿಬಿಡಬಹುದು. ಇವತ್ತು ಅಪ್ಪನ ವಿಷಯ ಎತ್ತಬೇಕಾಗುತ್ತದೆ, ಬೇಡ, ದುಡ್ಡು ಕಳಿಸಿ ಮನೆಯಲ್ಲೇ ಇರೋಣ ಅಂತ. ಪಿಜಿಯಲ್ಲಿದ್ದುಕೊಂಡು ಇಪ್ಪತ್ತೈದು ಸಾವಿರದಲ್ಲಿ ತಿಂಗಳು ದೂಡುವ ಹುಡುಗಿಗೆ ಅದೇ ಎರಡು ಸಾವಿರ ಚಿಕಿತ್ಸೆ ಬಿಡಲು ಸಾಕಾಗುವ ಕಾರಣ.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಅಪಾಯಿಂಟ್‌ಮೆಂಟ್ ತಪ್ಪಿಸಿದವರಿಂದ ಹಣ ಕೇಳುವುದಿಲ್ಲ. 2022ರ ಬೇಸಿಗೆಯಲ್ಲಿ ಪ್ರಧಾನಿ ಪಟ್ಟದ ಪೈಪೋಟಿಯಲ್ಲಿದ್ದ ರಿಷಿ ಸುನಕ್ 10 ಪೌಂಡ್ ದಂಡದ ಮಾತು ಎತ್ತಿದ್ದರು. ಪ್ರಧಾನಿಯಾದ ಮೇಲೆ ಅದನ್ನು ಕೈಬಿಟ್ಟರು. ದಂಡವಿಲ್ಲದೆಯೂ ಗೈರುಹಾಜರಿ ತಗ್ಗಿಸಬಹುದು ಎನ್ನುವುದಕ್ಕೆ ಅಲ್ಲಿಂದಲೇ ಒಂದು ಪುರಾವೆ ಇದೆ. ಲಂಡನ್ನಿನ ಆಸ್ಪತ್ರೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ನೆನಪಿಸಲು ಕಳಿಸುವ ಎಸ್ಸೆಮ್ಮೆಸ್ಸಿನಲ್ಲಿ ‘ನೀವು ಬರದಿದ್ದರೆ ಆರೋಗ್ಯ ಸೇವೆಗೆ ಸುಮಾರು 160 ಪೌಂಡ್ ಖರ್ಚು’ ಎಂಬ ಒಂದು ಸಾಲು ಸೇರಿಸಿದರು. ತಪ್ಪಿಸುವವರ ಪ್ರಮಾಣ ಶೇ 11.1ರಿಂದ ಶೇ 8.4ಕ್ಕೆ ಇಳಿಯಿತು. ಹಿಂದಿನ ದಿನ ಬೆಳಿಗ್ಗೆ ಒಂದು ನೆನಪಿನ ಸಂದೇಶ ಕಳಿಸದೆ, ತಪ್ಪಿದ ಮರುದಿನ ಬಿಲ್ ಮಾತ್ರ ತಪ್ಪದೆ ಕಳಿಸುವ ಕ್ಲಿನಿಕ್ಕುಗಳು ಇದನ್ನು ಗಮನಿಸಬೇಕು.

ಜನ ತಪ್ಪಿಸುವುದಾದರೂ ಯಾಕೆ? ‘ರೆಸಿಸ್ಟೆನ್ಸ್’, ಅಂದರೆ ಪ್ರತಿರೋಧ, ಎಂದು ಥೆರಪಿಸ್ಟರು ಓದುವ ಪುಸ್ತಕಗಳು ಹೇಳುತ್ತವೆ. ಮನಸ್ಸು ನೋವಿನ ಜಾಗ ಹತ್ತಿರ ಬಂದಾಗ ಹಿಂದೇಟು ಹಾಕುತ್ತದೆ ಎಂಬುದು ಸುಳ್ಳಲ್ಲ. ಖಿನ್ನತೆ ಇರುವವರಿಗೆ ಹಾಸಿಗೆಯಿಂದ ಏಳುವುದೇ ದಿನದ ದೊಡ್ಡ ಕೆಲಸ. ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ತೊಂದರೆ ಇರುವವರು ಗುರುವಾರವನ್ನು ಬುಧವಾರ ಅಂದುಕೊಳ್ಳುತ್ತಾರೆ. ಯಾವ ತೊಂದರೆಗೆ ಚಿಕಿತ್ಸೆಗೆ ಬಂದರೋ ಅದೇ ತೊಂದರೆಗೆ ಫೀಸು ಹಾಕಿದಂತಾಗುವುದು ಇಲ್ಲಿಯೇ.

ಆದರೆ ನಮ್ಮ ಕಡೆಯ ಕಾರಣಗಳು ಆ ಪುಸ್ತಕಗಳಲ್ಲಿ ಪೂರ್ತಿ ಇಲ್ಲ. ಥೆರಪಿಗೆ ಹೋಗುವ ವಿಷಯ ಮನೆಯಲ್ಲಿ ಗೊತ್ತಿರುವುದಿಲ್ಲ. ಗುರುವಾರ ಸಂಜೆ ಐದಕ್ಕೆ ಹಾಸನದಿಂದ ಸೋದರತ್ತೆ ಬಂದು ಕೂತರೆ ‘ನನಗೆ ಆರಕ್ಕೆ ಕೌನ್ಸೆಲಿಂಗ್ ಇದೆ, ಬರ್ತೀನಿ ಅತ್ತೆ’ ಎಂದು ಎದ್ದು ಹೋಗುವ ಸೊಸೆ ಎಲ್ಲಿದ್ದಾಳೆ? ಆನ್‌ಲೈನ್ ಸೆಷನ್ ಆದರೂ ಕೋಣೆಯ ಬಾಗಿಲು ಹಾಕಿಕೊಂಡರೆ ‘ಯಾರ ಜೊತೆ ಅಷ್ಟು ಹೊತ್ತು?’ ಎಂಬ ಪ್ರಶ್ನೆ. ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ ನಿಂತು, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾರೊಳಗೆ ಕೂತು ಸೆಷನ್ ಮುಗಿಸುವವರಿದ್ದಾರೆ. ಮಳೆ ಬಂದರೆ ಟೆರೇಸು ಇಲ್ಲ, ಗಂಡ ಕಾರು ಒಯ್ದಿದ್ದರೆ ಕಾರೂ ಇಲ್ಲ. ಮುಖಾಮುಖಿ ಸೆಷನ್ ಇಟ್ಟುಕೊಂಡವರಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಇದೆ, ಔಟರ್ ರಿಂಗ್ ರೋಡ್ ಇದೆ; ಅರ್ಧ ಗಂಟೆ ತಡವಾಗಿ ತಲುಪಿದರೆ ಉಳಿದದ್ದು ಹದಿನೈದು ನಿಮಿಷ, ಫೀಸು ಪೂರ್ತಿ. ಮುಂದಿನವರ ಹೊತ್ತನ್ನು ಕಿತ್ತು ನಿಮಗೆ ಕೊಡುವಂತಿಲ್ಲವಲ್ಲ.

ಇದರ ಮೇಲೆ ದಾಕ್ಷಿಣ್ಯ ಬೇರೆ. ಮೂರು ದಿನ ಮುಂಚೆಯೇ ಬರಲಾಗುವುದಿಲ್ಲ ಎಂದು ಗೊತ್ತಿರುತ್ತದೆ. ಆದರೆ ಹೇಳಿದರೆ ಮೇಡಂ ಬೇಜಾರು ಮಾಡಿಕೊಳ್ಳುತ್ತಾರೇನೋ, ಚಿಕಿತ್ಸೆಯಲ್ಲಿ ಆಸಕ್ತಿ ಇಲ್ಲ ಅಂದುಕೊಳ್ಳುತ್ತಾರೇನೋ ಎಂದು ಮುಂದೂಡುತ್ತ ಹೋಗಿ ಕೊನೆಗೆ ಫೋನನ್ನೇ ನೋಡದೆ ಮಲಗಿಬಿಡುವುದು. ಅತ್ತ ಥೆರಪಿಸ್ಟರಿಗೂ ದಾಕ್ಷಿಣ್ಯ ತಪ್ಪಿದ್ದಲ್ಲ. ಫೀಸು ಕೇಳಲು ಬಾಯಿ ಬರದೆ ನಾಲ್ಕು ಸಲ ಬಿಟ್ಟು, ಐದನೇ ಸಲ ಒಮ್ಮೆಲೇ ನಿಯಮ ತೆಗೆಯುತ್ತಾರೆ. ನಾಲ್ಕು ಸಲ ಸುಮ್ಮನಿದ್ದವರು ಈಗೇಕೆ ಎಂದು ಎದುರಿನವರಿಗೆ ಅನ್ನಿಸುವುದು ಸಹಜ. ಮೊದಲ ದಿನವೇ ಖಡಾಖಂಡಿತ ಹೇಳಿ, ಒಂದೆರಡು ಸಲ ವಿನಾಯಿತಿ ಕೊಡುವವರನ್ನು ನಾನು ಇಂಥ ಒಳ್ಳೆಯ ಮನಸ್ಸಿನವರಿಗಿಂತ ಹೆಚ್ಚು ನಂಬುತ್ತೇನೆ.

ನಿಯಮ ಊರಿಂದೂರಿಗೆ ಅಲ್ಲ, ಬಾಗಿಲಿಂದ ಬಾಗಿಲಿಗೆ ಬೇರೆ. 24 ಗಂಟೆ ಮುಂಚೆ ತಿಳಿಸಿ ಎನ್ನುವುದು ಸಾಮಾನ್ಯ; 48 ಗಂಟೆ ಕೇಳುವವರೂ ಇದ್ದಾರೆ. ಕೆಲವರು ಅರ್ಧ ಫೀಸು, ಕೆಲವರು ಪೂರ್ತಿ. ಮೊದಲ ಸಲ ಮಾಫಿ ಮಾಡುವವರಿದ್ದಾರೆ, ಅದೇ ವಾರದಲ್ಲಿ ಬೇರೆ ಹೊತ್ತಿಗೆ ಬಂದರೆ ಬಿಟ್ಟುಬಿಡುವವರಿದ್ದಾರೆ. ನನಗೆ ಕಂಡಂತೆ ನ್ಯಾಯದ ಗೆರೆ ಹೀಗೆ ಬೀಳುತ್ತದೆ: ಆಸ್ಪತ್ರೆ, ಸಾವು, ಅಪಘಾತಕ್ಕೆ ಯಾರೂ ಹಣ ಕೇಳಬಾರದು. ಬಿಟ್ಟ ಗಂಟೆಗೆ ಬೇರೊಬ್ಬರು ಬಂದು ಫೀಸು ಕೊಟ್ಟಿದ್ದರೆ ಒಂದೇ ಗಂಟೆಗೆ ಎರಡು ಸಲ ವಸೂಲಿ ಸಲ್ಲದು. ಥೆರಪಿಸ್ಟರೇ ಕೊನೆಗಳಿಗೆಯಲ್ಲಿ ರದ್ದು ಮಾಡಿದಾಗ ಏನು ಎನ್ನುವುದು ಕೂಡ ಅದೇ ಕಾಗದದಲ್ಲಿ ಇರಬೇಕು. ಬನಶಂಕರಿಯಿಂದ ಆಟೊ ಹಿಡಿದು ಹೋದವರಿಗೆ ಬಾಗಿಲಲ್ಲಿ ‘ಇವತ್ತು ಮೇಡಂ ಇಲ್ಲ’ ಎಂದರೆ ಅವರ ಹೊತ್ತಿಗೂ ಬೆಲೆ ಇದೆಯಲ್ಲ. ಈ ಕೊನೆಯದನ್ನು ಬರೆದಿಟ್ಟವರು ತೀರಾ ಕಡಿಮೆ. ಕೇಳಿದರೆ ಒಳ್ಳೆಯವರು ಒಂದು ಕ್ಷಣ ಯೋಚಿಸಿ ಒಪ್ಪುತ್ತಾರೆ.

ಕಾನೂನು ಏನು ಹೇಳುತ್ತದೆ? ಥೆರಪಿಯ ಗೈರುಹಾಜರಿ ಫೀಸಿಗೇ ಎಂದು ಬರೆದ ಕಲಮು ಇಲ್ಲವಾದರೂ ಹಳೆಯ ಕರಾರು ಕಾಯ್ದೆ ಇಲ್ಲಿ ನೆರವಿಗೆ ಬರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಕರಾರು ಮುರಿದರೆ ಇಷ್ಟು ಹಣ ಎಂದು ಮೊದಲೇ ಬರೆದಿದ್ದರೂ ಆ ಮೊತ್ತ ಹಾಗೇ ಸಿಗುವುದಿಲ್ಲ. ಅದನ್ನು ಮೀರದಂತೆ ನ್ಯಾಯವಾದ ಪರಿಹಾರ ಮಾತ್ರ ಸಿಗುತ್ತದೆ. 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಎಂದು ಬಿಡಿಸಿ ಹೇಳಿತು. ಅದು ಜಮೀನಿನ ಮುಂಗಡ ಹಣದ ವ್ಯಾಜ್ಯ, ಆದರೆ ತತ್ವ ಇಲ್ಲಿಗೂ ಸಲ್ಲುತ್ತದೆ. ಖಾಲಿ ಉಳಿದ ಗಂಟೆ ನಷ್ಟ. ತುಂಬಿದ ಗಂಟೆ ನಷ್ಟವಲ್ಲ. ಒಂದು ಸೆಷನ್ ತಪ್ಪಿಸಿದ್ದಕ್ಕೆ ಎರಡು ಸೆಷನ್ನಿನ ಫೀಸು ಕೇಳಿದರೆ ಅದು ದಂಡ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಆದ ನಷ್ಟಕ್ಕೆ ಏನೇನೂ ತಾಳೆಯಾಗದ ದಂಡ ಹೇರುವ ಷರತ್ತನ್ನು ಅದು ಅನ್ಯಾಯದ ಕರಾರು ಎನ್ನುತ್ತದೆ. ಒಂದು ಸೋಜಿಗವೆಂದರೆ ಅನ್ಯಾಯದ ಕರಾರಿನ ದೂರನ್ನು ಜಿಲ್ಲಾ ಗ್ರಾಹಕ ಆಯೋಗ ತೆಗೆದುಕೊಳ್ಳುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಸಾವಿರದೈನೂರು ರೂಪಾಯಿಗೆ ಯಾರು ಅಷ್ಟು ದೂರ ಹೋಗುತ್ತಾರೆ? ಮುಂಗಡವಾಗಿ ಹತ್ತು ಸೆಷನ್ನಿನ ಪ್ಯಾಕೇಜು ಮಾರಿ, ಬಿಟ್ಟವರಿಗೆ ಒಂದು ರೂಪಾಯಿಯೂ ವಾಪಸ್ ಇಲ್ಲ ಎನ್ನುವ ಆ್ಯಪುಗಳ ವಿಷಯದಲ್ಲಿ ಮಾತ್ರ ಈ ಕಲಮು ನೆನಪಿಟ್ಟುಕೊಳ್ಳುವಂಥದ್ದು. ಅಲ್ಲಿ ಎದುರಿಗಿರುವುದು ಬಾಡಿಗೆ ಕಟ್ಟುವ ಒಬ್ಬ ಥೆರಪಿಸ್ಟ್ ಅಲ್ಲ, ಕಂಪನಿ.

ಬಾಕಿ ವಸೂಲಿಗೂ ಮಿತಿ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕು ಎಂದು ಗುರುತಿಸಿದೆ. ‘ನಿಮ್ಮ ಮಗ ನಮ್ಮಲ್ಲಿ ಫೀಸು ಬಾಕಿ ಇಟ್ಟಿದ್ದಾನೆ’ ಎಂದು ಅಪ್ಪನಿಗೆ ಫೋನ್ ಮಾಡುವಂತಿಲ್ಲ. ಆಫೀಸಿನ ಎಚ್‌ಆರ್‌ಗೆ ಹೇಳುವುದಂತೂ ದೂರದ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ನೀತಿ ಸಂಹಿತೆಯಲ್ಲಿ ಫೀಸಿನ ವಿಷಯ ಆದಷ್ಟು ಮೊದಲೇ ಮಾತಾಡಿ ಒಪ್ಪಂದಕ್ಕೆ ಬರಬೇಕು, ವಸೂಲಿಗೆ ಬೇರೆ ಏಜೆನ್ಸಿಯನ್ನು ಕರೆಯುವ ಮುನ್ನ ವ್ಯಕ್ತಿಗೆ ತಿಳಿಸಿ ಹಣ ಕಟ್ಟಲು ಅವಕಾಶ ಕೊಡಬೇಕು ಎಂದಿದೆ. ನಮ್ಮ ಥೆರಪಿಸ್ಟರಲ್ಲಿ ಅನೇಕರು ಅದನ್ನು ಓದಿಯೇ ಬಂದವರು, ಬೇಕಾದಾಗ ನೆನಪಿಸಬಹುದು.

ಈಗ, ಬಿಲ್ ಬಂದಾಗಿದೆ ಎಂದುಕೊಳ್ಳಿ. ಮೊದಲು ಮಾಡಬೇಕಾದ್ದು ಮೊದಲ ದಿನ ಸಹಿ ಹಾಕಿದ ಅಥವಾ ‘ಓಕೆ’ ಒತ್ತಿದ ಕಾಗದ ಹುಡುಕುವುದು. ಅಲ್ಲಿ ನಿಯಮ ಇದ್ದು, ನೀವು ಸುಮ್ಮನೆ ಮರೆತಿದ್ದರೆ ಕೊಟ್ಟುಬಿಡುವುದೇ ಸರಿ, ಚೌಕಾಸಿ ಬೇಡ. ನಿಯಮವನ್ನು ಯಾರೂ ಹೇಳಿಯೇ ಇರದಿದ್ದರೆ ಹಾಗೇ ಬರೆಯಿರಿ. ಕಾರಣ ಗಟ್ಟಿಯಿದ್ದರೆ ಕಾರಣ ಹೇಳಿ. ಉದ್ದ ಬೇಡ: ‘ಮೇಡಂ, ನಿನ್ನೆ ಅಮ್ಮನಿಗೆ ಹುಷಾರಿಲ್ಲದೆ ಆಸ್ಪತ್ರೆಯಲ್ಲಿದ್ದೆ, ತಿಳಿಸಲು ಆಗಲಿಲ್ಲ. ಈ ಸಲದ ಫೀಸು ಬಿಡಲು ಸಾಧ್ಯವಾ? ಆಗದಿದ್ದರೆ ಎರಡು ಕಂತಿನಲ್ಲಿ ಕೊಡುತ್ತೇನೆ. ಮುಂದಿನ ವಾರ ಬರುತ್ತೇನೆ, ಇದರ ಬಗ್ಗೆ ಐದು ನಿಮಿಷ ಮಾತಾಡೋಣ.’ ಇಷ್ಟು ಸಾಕು. ಕೊನೆಯ ಸಾಲು ಮಾತ್ರ ಬಿಡಬೇಡಿ. ಅಪ್ಪ ಅಮ್ಮನ ಮೇಲಿನ ಕೋಪ ಮಾತಾಡಬಹುದಾದ ಕೋಣೆಯಲ್ಲಿ ಥೆರಪಿಸ್ಟರ ಮೇಲಿನ ಕೋಪವನ್ನೂ ಮಾತಾಡಬಹುದು. ‘ನೀವು ದುಡ್ಡು ಕೇಳಿದಾಗ ನಾನು ನಿಮಗೆ ಬರೀ ಗಿರಾಕಿ ಅನ್ನಿಸಿತು’ ಎಂದು ಹೇಳಿದ ದಿನ ಎಷ್ಟೋ ಸಲ ಅದುವರೆಗಿನ ಸೆಷನ್ನುಗಳಿಗಿಂತ ಹೆಚ್ಚು ಕೆಲಸ ಆಗುತ್ತದೆ. ಆ ಮಾತು ಕೇಳಿ ಥೆರಪಿಸ್ಟ್ ಮುನಿಸಿಕೊಂಡರೆ, ಪಾಲಿಸಿ ಕಾಗದವನ್ನೇ ಮುಂದೆ ಹಿಡಿದರೆ, ಅವರನ್ನು ಬದಲಿಸುವ ಬಗ್ಗೆ ಯೋಚಿಸಬಹುದು. ಫೀಸು ಕೇಳಿದ್ದು ಅದಕ್ಕೆ ಕಾರಣವಲ್ಲ, ಮಾತು ಕೇಳಿಸಿಕೊಳ್ಳದ್ದು ಕಾರಣ.

ತಪ್ಪಿಸಿಕೊಳ್ಳುವ ಮುಂಚೆಯೂ ದಾರಿಗಳಿವೆ. ಟ್ರಾಫಿಕ್ಕಿನಲ್ಲಿ ಸಿಕ್ಕಿದರೆ ಅಲ್ಲಿಂದಲೇ ಫೋನ್ ಸೆಷನ್ ಮಾಡಬಹುದೇ ಕೇಳಿ, ಬಹಳ ಜನ ಒಪ್ಪುತ್ತಾರೆ. ಗಾಡಿ ನೀವೇ ಓಡಿಸುತ್ತಿದ್ದರೆ ಮಾತ್ರ ಬೇಡ. ಖಾಯಂ ಸಂಜೆಯ ಹೊತ್ತು ಆಗದಿದ್ದರೆ ಬೆಳಗಿನ ಹೊತ್ತು ಕೇಳಿ. ಮರೆವು ಕಾಯಿಲೆಯ ಭಾಗವಾಗಿದ್ದರೆ ಹಿಂದಿನ ದಿನ ಒಂದು ಮೆಸೇಜು ಹಾಕಿ ಎಂದು ಅವರನ್ನೇ ಕೇಳಿಕೊಳ್ಳಿ. ಕಂಪನಿ ಕೊಡಿಸುವ ಉಚಿತ ಸೆಷನ್ನುಗಳಲ್ಲಿ ತಪ್ಪಿಸಿಕೊಂಡ ಸೆಷನ್ನನ್ನೂ ಮುಗಿದ ಲೆಕ್ಕಕ್ಕೆ ಹಾಕುವುದುಂಟು. ಉಚಿತ ಎಂದುಕೊಂಡು ಆರರಲ್ಲಿ ಮೂರನ್ನು ಹಾಗೇ ಕಳೆದುಕೊಂಡವರು ವರ್ಷದ ಕೊನೆಗೆ ಕೈಹಿಸುಕಿಕೊಳ್ಳುತ್ತಾರೆ.

ಅಮೆರಿಕದಲ್ಲಿರುವ ನಮ್ಮವರಿಗೆ ಇದು ಇನ್ನೂ ಜೋರಾಗಿ ತಟ್ಟುತ್ತದೆ. ವಿಮೆ ಇದ್ದರೆ ಪ್ರತಿ ಸೆಷನ್ನಿಗೆ ತಮ್ಮ ಪಾಲು ಇಪ್ಪತ್ತು, ಮೂವತ್ತು ಡಾಲರ್ ಕೊಟ್ಟು ಅಭ್ಯಾಸವಾಗಿರುತ್ತದೆ. ನಡೆಯದ ಸೆಷನ್ನಿಗೆ ವಿಮಾ ಕಂಪನಿ ಕಾಸು ಬಿಚ್ಚುವುದಿಲ್ಲ. ಮೊದಲೇ ಬರೆದುಕೊಂಡ ಕಾರ್ಡಿನಿಂದ ನೂರು, ನೂರೈವತ್ತು ಡಾಲರ್ ಪೂರ್ತಿ ಹೋಗುತ್ತದೆ. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಕೂಡ, ಬೇರೆಲ್ಲ ರೋಗಿಗಳಿಗೂ ಅದೇ ನಿಯಮ ಇದ್ದರೆ ಗೈರುಹಾಜರಿ ಫೀಸು ಕೇಳಬಹುದು ಎನ್ನುತ್ತದೆ. ಬಡವರ ಮೆಡಿಕೇಡ್‌ನಲ್ಲಿ ಮಾತ್ರ ಹಾಗೆ ಕೇಳುವಂತಿಲ್ಲ.

ನಮ್ಮಲ್ಲಿ ಸರ್ಕಾರಿ ಬಾಗಿಲು ಈ ತಲೆನೋವಿನಿಂದ ಹೊರಗಿದೆ. ನಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೆ ಹೇಳಿದ ದಿನ ಹೋಗದಿದ್ದರೆ ಯಾರೂ ಬಿಲ್ ಕಳಿಸುವುದಿಲ್ಲ. ರಾಯಚೂರಿನಿಂದ ರಾತ್ರಿ ಬಸ್ಸು ಹಿಡಿದು ಬರುವವರು ತೆರುವ ಬೆಲೆ ಬೇರೆ: ಬಸ್ ಚಾರ್ಜು, ಎರಡು ದಿನದ ಕೂಲಿ, ಜೊತೆಗೆ ಬಂದವರ ಊಟ, ತಪ್ಪಿದರೆ ಮತ್ತೆ ಹೊಸ ತಾರೀಕಿಗೆ ಕಾಯುವುದು. ತೀರಾ ಕಷ್ಟದ ಹೊತ್ತಿನಲ್ಲಿ ಮಾತಾಡಲು ಯಾರೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ ಎನ್ನುವವರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ವಾರಾವಾರ ಒಬ್ಬರೇ ಥೆರಪಿಸ್ಟರ ಎದುರು ಕೂರುವುದಕ್ಕೆ ಅದು ಸಮವಲ್ಲ. ಆದರೆ ಬಿಲ್ಲಿಗೆ ಹೆದರಿ ಚಿಕಿತ್ಸೆ ಬಿಟ್ಟು ಕತ್ತಲೆಯಲ್ಲಿ ಕೂತವರಿಗೆ ಆ ನಂಬರು ಗೊತ್ತಿರಬೇಕು.

ಥೆರಪಿಯನ್ನೇ ನಿಲ್ಲಿಸಬೇಕು ಅಂದುಕೊಂಡವರು ಗಮನಿಸಬೇಕಾದ್ದು ಒಂದಿದೆ. ಪ್ರತಿ ಗುರುವಾರ ಆರು ಗಂಟೆ ನಿಮ್ಮದೇ ಎಂದು ಬರೆದಿಟ್ಟಿದ್ದರೆ, ಹೇಳದೆ ಹೋದ ಪ್ರತಿ ಗುರುವಾರಕ್ಕೂ ಫೀಸು ಏರುತ್ತ ಹೋಗಬಹುದು. ‘ಇನ್ನು ಮುಂದೆ ಬರುವುದಿಲ್ಲ, ನನ್ನ ಹೊತ್ತನ್ನು ಬೇರೆಯವರಿಗೆ ಕೊಡಿ’ ಎಂದು ಒಂದು ಸಾಲು ಬರೆದು ಕಳಿಸಿ, ಅವರ ಉತ್ತರವನ್ನು ಇಟ್ಟುಕೊಳ್ಳಿ. ಕೊನೆಯದಾಗಿ ಒಂದು ಸೆಷನ್ನಿಗೆ ಬನ್ನಿ ಎಂದು ಅವರು ಹೇಳಬಹುದು. ಮುಗಿಸುವ ಮಾತಿಗೂ ಬೆಲೆ ಇದೆ, ಹೋಗುವುದು ಒಳ್ಳೆಯದು, ಆದರೆ ಕಡ್ಡಾಯವಲ್ಲ. ಮುಂಗಡ ಕೊಟ್ಟಿದ್ದರೆ ಉಳಿದ ಸೆಷನ್ನುಗಳ ಹಣವನ್ನು ಬರಹದಲ್ಲೇ ಕೇಳಿ. ಹದಿನೈದು ದಿನ ಕಳೆದರೂ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದೂರು ಬರೆಸುವಾಗ ಎಷ್ಟು ಹಣ ಕಟ್ಟಿದಿರಿ, ಎಷ್ಟು ಸೆಷನ್ ಮುಗಿದವು, ಯಾವ ತಾರೀಕು ನಿಲ್ಲಿಸುತ್ತೇನೆಂದಿರಿ ಎನ್ನುವುದಷ್ಟೇ ಸಾಕು. ಯಾಕೆ ಥೆರಪಿಗೆ ಹೋಗುತ್ತಿದ್ದಿರಿ ಎಂದು ಅಲ್ಲಿ ಯಾರಿಗೂ ಹೇಳಬೇಕಿಲ್ಲ.